ಭೀಮಬಾಯಿಯ ಹಿಂದಿನ ಕಂಬ

ಕರೆಂಟ್ ಮೀಟರ್ ಓದುವವನು ಓಣಿಯಲ್ಲಿ ನಿಂತು ಮೊಬೈಲ್ ಮೇಲೆತ್ತಿದರೆ ಜನ ನಗುವುದಿಲ್ಲ, ಓಡುತ್ತಾರೆ. ಒಬ್ಬರು ಮಾಳಿಗೆ ಹತ್ತಿದರೆ ಇನ್ನೊಬ್ಬರು ಉದ್ದನೆಯ ಕೋಲು ಹುಡುಕುತ್ತಾರೆ. ಮೀಟರಿಗೆ ಗೊತ್ತಾಗದ ಹಾಗೆ ಕಂಬದ ತಂತಿಯಿಂದ ಕರೆಂಟ್ ಇಳಿಸಿಕೊಳ್ಳಲು ಹಾಕಿದ ಕೊಂಡಿಗಳೆಲ್ಲ ಎರಡೇ ನಿಮಿಷದಲ್ಲಿ ಮಾಯವಾಗುತ್ತವೆ. ನಾನು ತೆಗೆಯಹೊರಟಿದ್ದು ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಬೆಕ್ಕಿನ ಫೋಟೋ ಎಂದರೆ ಶಹಾಬಾದಿನಲ್ಲಿ ಯಾರೂ ನಂಬಿಲ್ಲ. ಬೆಕ್ಕೂ ನಂಬದೆ ಎದ್ದು ಹೋಗುತ್ತದೆ.

ಈ ಚಟ ಹತ್ತಿದ್ದು ಹೇಗೆಂದು ಕೇಳಿದರೆ ನನ್ನಲ್ಲಿ ದೊಡ್ಡ ಉತ್ತರವಿಲ್ಲ. ಇಬ್ಬರು ಮಕ್ಕಳ ಫೀಸು, ಹೆಂಡತಿ ಲುಂಬಿನಿಯ ಅಂಗನವಾಡಿ ಗಡಿಬಿಡಿ, ದಿನಕ್ಕೆ ಇನ್ನೂರು ಮನೆ, ಇನ್ನೂರು ನಾಯಿ. ಇವುಗಳ ನಡುವೆ ಯಾರೋ ವಿಡಿಯೋದಲ್ಲಿ, ಬದುಕು ನಮ್ಮನ್ನು ಗಮನಿಸದಿರುವಾಗ ಅದನ್ನು ಹಿಡಿಯಬೇಕು ಎಂದ. ಮಾತು ಭಾಳ ಹಿಡಿಸಿತು. ಮೀಟರ್ ಓದುವವನನ್ನು ಬದುಕು ಸದಾ ಕಿಟಕಿಯಿಂದ ಗಮನಿಸುತ್ತಲೇ ಇರುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಮೊದಲ ಕೀರ್ತಿ ಬಂದದ್ದು ವಾಡಿಯಲ್ಲಿ ರೂಟು ಇದ್ದಾಗ. ಧರ್ಮಣ್ಣ ಎಂಬ ಮುದುಕ ಮನೆಯ ಮುಂದೆ ಹೊರಸಿನ ಮೇಲೆ ಕುಳಿತು ಚಹಾ ಆರಿಸುತ್ತಿದ್ದ. ಸಿಮೆಂಟಿನ ಧೂಳಿನಲ್ಲಿ ಬೆಳಗಿನ ಬೆಳಕು ಬಂಗಾರದಂತೆ ನಿಂತಿತ್ತು. ತೆಗೆದೆ, ಫೇಸ್‌ಬುಕ್ಕಿಗೆ ಹಾಕಿದೆ. ನೂರಾರು ಜನ ಹೊಗಳಿದರು. ನಮ್ಮ ಸೆಕ್ಷನ್ ಆಫೀಸರ್ ಸಾಹೇಬರೂ ಹೆಬ್ಬೆರಳು ಎತ್ತಿದರು. ಮರುದಿನ ಧರ್ಮಣ್ಣನ ಮನೆಗೆ ಕರೆಂಟ್ ಕಳವು ಹಿಡಿಯುವ ಸ್ಕ್ವಾಡ್ ಹೋಯಿತು. ನಾನು ಬೆಳಕು ನೋಡಿದ್ದೆ, ಸಾಹೇಬರು ಮುದುಕನ ತಲೆಯ ಮೇಲಿದ್ದ ಕೊಂಡಿ ನೋಡಿದ್ದರು. ದಂಡ ಬಿತ್ತು.

ಅದರ ನಂತರ ಹಿನ್ನೆಲೆ ಮಸುಕು ಮಾಡುವುದನ್ನು ಕಲಿತೆ. ಒಂದು ಗುಂಡಿ ಒತ್ತಿದರೆ ಸಾಕು, ಮುಂದಿನ ಮುಖ ಸ್ಪಷ್ಟ, ಹಿಂದಿನದೆಲ್ಲ ಹಾಲಿನಲ್ಲಿ ಅದ್ದಿದಂತೆ. ತಂತಿ, ಕಂಬ, ಚರಂಡಿ ಏನೂ ಇಲ್ಲ. ಫೇಸ್‌ಬುಕ್ಕಿನ ಫೋಟೋ ಗುಂಪಿನವರು ಇದನ್ನು ನನ್ನ ಶೈಲಿ ಎಂದರು. ನಾನೂ ಕೆಲವು ದಿನಗಳಲ್ಲಿ ಹಾಗೆಯೇ ನಂಬಿದೆ.

ಈ ಶೈಲಿ ಪೂರ್ಣವಾಗಿ ಅರಳಿದ್ದು ಭೀಮಬಾಯಿಯ ಮುಂದೆ. ಶಹಾಬಾದಿನ ದೊಡ್ಡ ರಸ್ತೆಯ ತಿರುವಿನಲ್ಲಿ ಒಂದು ಫರ್ಸಿ ಕಲ್ಲಿನ ಮೇಲೆ ಕುಳಿತು ಆಕೆ ಸಂಜೆ ಮೀನು ಕರಿದು ಮಾರುತ್ತಾಳೆ. ಕಾಗಿಣಾ ನದಿ ದಂಡೆಯ ಮನೆತನ, ಅಣ್ಣತಮ್ಮಂದಿರು ಬಲೆ ಬೀಸುತ್ತಾರೆ. ಬಾಣಲೆಯ ಹೊಗೆ, ಕೆಂಪು ಖಾರ, ಹಣೆಯ ಮೇಲೆ ಬೆವರು, ತಲೆಯ ಮೇಲೊಂದು ಬಲ್ಬು. ಆ ಬಲ್ಬಿನ ವೈರು ನೇರವಾಗಿ ಹಿಂದಿನ ಕಂಬಕ್ಕೆ ಹೋಗುತ್ತಿತ್ತು. ಅದನ್ನು ಬರೆದು ಆಫೀಸಿಗೆ ತಿಳಿಸಬೇಕಾದವನು ನಾನೇ. ತಿಳಿಸಲಿಲ್ಲ. ಮೀನು ತಿಂದೆ, ಹಿನ್ನೆಲೆ ಮಸುಕು ಮಾಡಿದೆ, ಫೋಟೋ ತೆಗೆದೆ. ಆರು ವರ್ಷದಲ್ಲಿ ಅರವತ್ತೊಂದು ಫೋಟೋ. ಅವುಗಳಲ್ಲಿ ಒಂದಕ್ಕೆ ಕಲಬುರಗಿಯ ಸ್ಪರ್ಧೆಯಲ್ಲಿ ಮೂರನೇ ಬಹುಮಾನ ಬಂತು. ಒಂಬತ್ತನೇ ಕ್ಲಾಸಿನ ಮಗಳು ಮೈತ್ರಿ, "ಪಪ್ಪಾ, ಒಟ್ಟು ಎಷ್ಟ್ ಫೋಟೋ ಬಂದಿದ್ವು?" ಎಂದು ಕೇಳಿದಳು. ಅದನ್ನು ಮಾತ್ರ ನಾನು ವಿಚಾರಿಸಿರಲಿಲ್ಲ.

ಹೋದ ತಿಂಗಳು ಒಂದು ರವಿವಾರ ಬೆಳಿಗ್ಗೆ ಭೀಮಬಾಯಿ ನಮ್ಮ ಮನೆಗೇ ಬಂದಳು.

"ಬರ್ರಿ ಯಕ್ಕಾ, ಕುಂದ್ರಿ," ಎಂದೆ.

"ಕುಂದ್ರಾ ಜಗಾನೇ ಹೋಗಾಕತ್ತದ, ಇಲ್ಲಿ ಏನ್ ಕುಂದ್ರಲಿ?"

ವಿಷಯ ಇಷ್ಟು. ನಗರಸಭೆಯಲ್ಲಿ ಊರಿನ ಬೀದಿ ವ್ಯಾಪಾರಿಗಳ ಯಾದಿ ತಯಾರಾಗುತ್ತಿತ್ತು. ಐದು ವರ್ಷದಿಂದ ಒಂದೇ ಜಾಗದಲ್ಲಿ ಕುಳಿತವರಿಗೆ ಆ ಜಾಗದ ಕಾರ್ಡು, ಉಳಿದವರು ರೈಲ್ವೆ ಗೇಟಿನಾಚೆಯ ಹೊಸ ಕಟ್ಟೆಗೆ ಹೋಗಬೇಕು. ಅಲ್ಲಿ ಸಂಜೆ ಆರರ ಮೇಲೆ ನಾಯಿಗಳ ಹೊರತು ಗಿರಾಕಿಗಳಿಲ್ಲ. ಭೀಮಬಾಯಿ ಇಪ್ಪತ್ತು ವರ್ಷದಿಂದ ಅದೇ ತಿರುವಿನಲ್ಲಿದ್ದಾಳೆ. ಆದರೆ ಆಕೆಯ ಹಿಂದೆ ಎರಡು ವರ್ಷದ ಕೆಳಗೆ ಮೊಬೈಲ್ ಅಂಗಡಿ ತೆರೆದ ತಮ್ಮಣ್ಣನಿಗೆ ಗಿರಾಕಿಗಳ ಬೈಕು ನಿಲ್ಲಿಸಲು ಜಾಗ ಬೇಕು. ಈಕೆ ಬಂದು ಒಂದು ವರ್ಷವೂ ಆಗಿಲ್ಲ ಎಂದು ಅವನು ಬರೆದುಕೊಟ್ಟಿದ್ದ.

"ಬಜಾರ ಕರ ಕಟ್ಟಿದ ಚೀಟಿ ಇಟ್ಟಿಲ್ಲೇನ್ರಿ?"

"ಎಣ್ಣಿ ಹತ್ತಿದ ಚೀಟಿ ಒಲಿಗಿ ಛಲೋ ಹತ್ತಕೋತಾವ ತಮ್ಮಾ. ಬಾಯಿಮಾತು ನಡೆಂಗಿಲ್ಲ ಅಂದಾರ, ಕಾಗದ ಇಲ್ಲಂದ್ರ ಫೋಟೋ ಬೇಕಂತ. ನಾಳಿಗೇ ಕಡೀ ದಿನ. ನಾ ಅಂದೆ, ಫೋಟೋಕ್ಕ ನಂಗೇನ್ ಕಮ್ಮಿ? ನಮ್ಮ ಸುರೇಶ ಮೀನ ತಿನ್ನೂ ಮುಂದ ಒಂದ್, ತಿಂದ ಮ್ಯಾಲೆ ಒಂದ್ ಹೊಡೀತಾನ."

ನನಗೆ ಎದೆ ಉಬ್ಬಿತು. ಕಲೆ ಜನರಿಗೆ ಉಪಯೋಗವಾಗುವುದು ಎಂದರೆ ಇದೇ ಎಂದುಕೊಂಡೆ. ಮೊಬೈಲ್ ತೆಗೆದು ಒಂದೊಂದೇ ತೋರಿಸಿದೆ. ಆಕೆ ಕಣ್ಣು ಕಿರಿದು ಮಾಡಿ ನೋಡಿದಳು. ಹತ್ತು ನೋಡಿದ ಮೇಲೆ ತಲೆ ಎತ್ತಿದಳು.

"ಇದು ಎಲ್ಲಿ ಅದ?"

"ನಿಮ್ಮ ಜಗಾದಾಗೇ ಯಕ್ಕಾ."

"ನನ್ನ ಜಗಾ ಎಲ್ಲಿ ಕಾಣಸ್ತದ? ಹಿಂದ ಬರೇ ಮಂಜ ಬಿದ್ದಂಗ ಅದ. ನಾ ಏನ್ ಮೋಡದಾಗ ಕುಂತ ಮೀನ ಕರದೀನಾ?"

ಒಲೆಯ ಮುಂದಿದ್ದ ಲುಂಬಿನಿ ಸೆರಗು ಬಾಯಿಗೆ ಹಚ್ಚಿಕೊಂಡಳು. ಅರವತ್ತೊಂದನ್ನೂ ನೋಡಿದೆವು. ಬಹುಮಾನದ ಫೋಟೋದಲ್ಲಂತೂ ಭೀಮಬಾಯಿ ಸ್ವರ್ಗದಲ್ಲಿದ್ದಳು.

"ಇಪ್ಪತ್ತ ವರ್ಷ ಕುಂತ ಜಗಾ ಒರಸಿ ಬಿಟ್ಟಿಯಲ್ಲೋ ಪುಣ್ಯಾತ್ಮಾ," ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಆಕೆಯ ದನಿ ಇಳಿದುಹೋಗಿತ್ತು.

ಹೋಂವರ್ಕ್ ಬಿಟ್ಟು ಬಂದ ಮೈತ್ರಿ ನನ್ನ ಕೈಯಿಂದ ಮೊಬೈಲ್ ಕಸಿದುಕೊಂಡಳು. "ಅಸಲ್ ಫೋಟೋದಾಗ ಎಲ್ಲಾ ಇರ್ತದ ಪಪ್ಪಾ. ಮಸುಕು ಮ್ಯಾಲಿಂದ ಹಚ್ಚಿದ್ದು. ತಗದ್ರ ಹೋಗ್ತದ."

ಆರು ವರ್ಷದ ಹಿಂದಿನ ಒಂದು ಫೋಟೋ ತೆರೆದು ಒಂದು ಗೆರೆಯನ್ನು ಬೆರಳಿನಿಂದ ಹಿಂದಕ್ಕೆ ಎಳೆದಳು. ನೋಡನೋಡುತ್ತ ಹಾಲಿನೊಳಗಿಂದ ಊರು ಎದ್ದುಬಂತು. ಮೊದಲು ಚರಂಡಿಯ ಅಂಚು, ಆಮೇಲೆ ಖಾಲಿ ಗೋಡೆ. ತಮ್ಮಣ್ಣನ ಅಂಗಡಿ ಆಗ ಇರಲೇ ಇಲ್ಲ. ಕೊನೆಗೆ ಕಂಬ ಬಂತು, ಅದರ ಮೇಲೆ ಹಳದಿ ಬಣ್ಣದಲ್ಲಿ ಬರೆದ ನಂಬರು, ನಲವತ್ತೇಳು. ಶಹಾಬಾದಿನಲ್ಲಿ ಅಂಥ ಗೋಡೆ ನೂರಿರಬಹುದು, ನಲವತ್ತೇಳನೇ ಕಂಬ ಒಂದೇ.

"ನೋಡು ನೋಡು, ನನ್ನ ಕಂಬ!" ಭೀಮಬಾಯಿ ಎದ್ದು ನಿಂತಳು.

ಏಳನೆಯ ಅಂಕಿಯ ಬಾಲವನ್ನು ಸವರಿಕೊಂಡು ಒಂದು ಕಪ್ಪು ವೈರು ಇಳಿದಿತ್ತು. ಅದರ ತುದಿಯಲ್ಲಿ, ಮೇಲಿನ ತಂತಿಗೆ ಸಿಕ್ಕಿಸಿದ ಕೊಂಡಿ ಎಷ್ಟು ಸ್ಪಷ್ಟವಾಗಿತ್ತೆಂದರೆ, ಅಷ್ಟು ಸ್ಪಷ್ಟ ಫೋಟೋವನ್ನು ನಾನು ಜನ್ಮದಲ್ಲಿ ಬೇಕೆಂದು ತೆಗೆದಿಲ್ಲ.

 ಈ ಫೋಟೋ ಕೊಟ್ಟರೆ ಭೀಮಬಾಯಿಗೆ ಜಾಗ ಸಿಗುತ್ತದೆ, ಜೊತೆಗೆ ದಂಡವೂ. ಆರು ವರ್ಷ ದಿನಾ ಅದೇ ಕಂಬದ ಕೆಳಗೆ ನಿಂತು ಮೀನು ತಿಂದ ಮೀಟರ್ ರೀಡರಿಗೆ ಏನು ಸಿಗುತ್ತದೆ ಎಂದು ಲೆಕ್ಕ ಹಾಕುವ ಧೈರ್ಯ ನನಗಿರಲಿಲ್ಲ. ಫೋಟೋದ ಮೇಲ್ಭಾಗ ಕತ್ತರಿಸಿ ನೋಡಿದೆ. ಕೊಂಡಿ ಹೋದರೂ ವೈರು ಉಳಿಯಿತು, ವೈರು ಕತ್ತರಿಸಿದರೆ ನಂಬರೂ ಹೋಯಿತು.

"ಆ ವೈರ್ ಅಷ್ಟೇ ಅಳಿಸಲಾ?" ಎಂದು ಮೈತ್ರಿ ಬೆರಳಿನಿಂದ ಉಜ್ಜಿದಳು. ವೈರಿನ ಜೊತೆ ಏಳರ ಬಾಲವೂ ಅಳಿಸಿಹೋಯಿತು. "ಆಮ್ಯಾಲಿಂದ ಬಾಲ ಬರೀಬಹುದು," ಎಂದಳು. ನಾನು ಆಸೆಯಿಂದ, "ಬರಿ ನೋಡಮ್," ಎಂದೆ.

ಭೀಮಬಾಯಿ ಅಡ್ಡ ಬಂದಳು. "ಬ್ಯಾಡವ್ವ ಮಗಳ. ತಿದ್ದಿದ ಫೋಟೋ ಒಯ್ದು ಸಿಕ್ಕಬಿದ್ರ ತಮ್ಮಣ್ಣ ಹೇಳಿದ್ದೇ ಖರೆ ಆಗ್ತದ. ನಾ ಇಪ್ಪತ್ತ ವರ್ಷ ಕುಂತದ್ದು ಸುಳ್ಳ ಆಗ್ತದ."

"ಯಕ್ಕಾ, ಕೊಂಡಿ ಕಂಡ್ರ ದಂಡ ಹಾಕ್ತಾರ."

"ಹಾಕ್ಲಿ. ದಂಡ ಕಟ್ಟಿ ಕರಿತೀನಿ. ಜಗಾ ಹೋದ್ರ ಏನ್ ಕರೀಲಿ, ಕಲ್ಲು?" ಆಮೇಲೆ ನನ್ನ ಮುಖ ನೋಡಿದಳು. "ನಿನಗ ತ್ರಾಸ ಆಗ್ತದೇನು?"

ಆಗುವುದಿಲ್ಲ ಎಂದು ದೊಡ್ಡತನದಿಂದ ಹೇಳಬೇಕಿತ್ತು. "ಸ್ವಲ್ಪ ಆಗ್ತದರಿ," ಎಂದೆ. ಈ ಕತೆಯಲ್ಲಿ ನಾನು ಆಡಿದ ಪ್ರಾಮಾಣಿಕ ಮಾತುಗಳಲ್ಲಿ ಅದು ಮೊದಲನೆಯದು.

ಆಕೆ ಹೋದ ಮೇಲೆ ಲುಂಬಿನಿ ಭಾಂಡೆ ತಿಕ್ಕುತ್ತ ಬೆನ್ನು ತಿರುಗಿಸಿಕೊಂಡೇ ಕೇಳಿದಳು, "ತಗೀಲಾಕ ಧೈರ್ಯ ಇತ್ತು, ತೋರಸ್ಲಾಕ ಇಲ್ಲೇನ್ರಿ?"

"ಮಕ್ಕಳ ಸಾಲಿ ಅದ ಲುಂಬಿನಿ. ನೌಕರಿಗಿ ಏನರ ಆದ್ರ?"

"ಆಕಿಗೂ ಮಕ್ಕಳವ," ಎಂದಳು. ಆಮೇಲೆ ಭಾಂಡೆಗಳು ಮಾತಾಡಿದವು.

ಸೋಮವಾರ ಫೋಟೋ ಪ್ರಿಂಟ್ ಹಾಕಿಸಿಕೊಂಡು ಭೀಮಬಾಯಿಯ ಜೊತೆ ನಗರಸಭೆ ಕಚೇರಿಗೆ ಹೋದೆ. ಯಾದಿ ಬರೆಯುತ್ತಿದ್ದವರು ಮಡಿವಾಳಯ್ಯ ಎಂಬ ಹಿರಿಯ ಗುಮಾಸ್ತರು. ಕನ್ನಡಕ ಹಣೆಗೇರಿಸಿ ಪ್ರಿಂಟ್ ನೋಡಿದರು, ಕನ್ನಡಕ ಇಳಿಸಿ ಮೊಬೈಲಿನಲ್ಲಿದ್ದ ತಾರೀಖು ನೋಡಿದರು. ಕಂಬದ ನಂಬರನ್ನು ಒಂದು ನಕ್ಷೆಯ ಮೇಲೆ ಹುಡುಕಿದರು.

"ಬರೋಬ್ಬರಿ ಅದ. ತಮ್ಮಣ್ಣ ಹೇಳಿದ್ದು ಸುಳ್ಳು," ಎಂದರು. ಆಮೇಲೆ ಬೆರಳು ಪ್ರಿಂಟಿನ ಮೇಲೆ ಸ್ವಲ್ಪ ಮೇಲಕ್ಕೆ ಸರಿಯಿತು. "ಇದೇನ್ರಿ ಇದು?"

ಗಾಳಿಪಟದ ದಾರ ಎನ್ನಬಹುದಿತ್ತು. ದಾರಿಯುದ್ದಕ್ಕೂ ಅದನ್ನೇ ತಯಾರು ಮಾಡಿಕೊಂಡು ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಭೀಮಬಾಯಿ ಹೇಳಿಯೇಬಿಟ್ಟಳು. "ಕೊಂಡಿರಿ ಅಯ್ಯಾವ್ರ. ನಂದೇ."

"ನಾ ಕೇಳಿದ್ದು ಜಗಾ, ಕೊಂಡಿ ಕೇಳಿಲ್ಲ," ಎಂದರು ಮಡಿವಾಳಯ್ಯ. "ಆದ್ರ ಇದು ಫೈಲಿನಾಗ ಹೋಗ್ತದ. ಮುಂದ ಯಾರ್ ನೋಡ್ತಾರ, ಏನ್ ಮಾಡ್ತಾರ, ನನ್ನ ಕೈಯಾಗಿಲ್ಲ. ವಿಚಾರ ಮಾಡಿ ಕೊಡ್ರಿ."

"ಮಾಡೇ ಬಂದೀವ್ರಿ."

ಮಡಿವಾಳಯ್ಯ ಪ್ರಿಂಟನ್ನು ತಿರುವಿ ನನ್ನ ಮುಂದೆ ಸರಿಸಿದರು. "ಹಿಂದ ಬರೀರಿ. ಫೋಟೋ ತಗದವರ ಹೆಸರು, ಉದ್ಯೋಗ, ಸಹಿ."

ಎಷ್ಟು ವರ್ಷದಿಂದ ಕಾದಿದ್ದೆ, ಒಬ್ಬ ಅಪರಿಚಿತ ನನ್ನ ಫೋಟೋ ನೋಡಿ ಇದನ್ನು ತೆಗೆದವರು ಯಾರು ಎಂದು ಕೇಳಲಿ ಎಂದು! ಹೆಸರು ಬರೆಯುವಾಗ ಕೈ ಚೆನ್ನಾಗಿಯೇ ಓಡಿತು. ಸುರೇಶಕುಮಾರ. ಉದ್ಯೋಗ ಎಂಬಲ್ಲಿ ಪೆನ್ನು ನಿಂತಿತು. ಹವ್ಯಾಸಿ ಛಾಯಾಗ್ರಾಹಕ ಎಂದು ಬರೆದರೆ ಸುಳ್ಳೇನಲ್ಲ. ಕಲಬುರಗಿಯವರು ಪ್ರಮಾಣಪತ್ರವನ್ನೇ ಕೊಟ್ಟಿದ್ದಾರೆ. ಪಕ್ಕದಲ್ಲಿ ಭೀಮಬಾಯಿ ಅಕ್ಷರ ಬಾರದಿದ್ದರೂ ಪೆನ್ನಿನ ತುದಿಯನ್ನೇ ನೋಡುತ್ತ ನಿಂತಿದ್ದಳು. ಮೀಟರ್ ರೀಡರ್ ಎಂದು ಬರೆದು ಸಹಿ ಹಾಕಿದೆ.

ಮಡಿವಾಳಯ್ಯ ಓದಿದರು, ನನ್ನನ್ನು ನೋಡಿದರು, ಮತ್ತೊಮ್ಮೆ ಓದಿದರು. "ಏನ್ ಮಂದಿ ಅದೀರಪಾ," ಎಂದು ಫೈಲು ಕಟ್ಟಿದರು.

ಯಾರೋ ನೋಡುವ ತನಕ ಕಾಯುವ ತಾಕತ್ತು ನನಗಿರಲಿಲ್ಲ. ಅಂದೇ ನಮ್ಮ ಸಾಹೇಬರ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಅರ್ಧ ತಾಸು ಬೈದರು. ಬೈಗುಳದ ನಡುವೆ ಒಮ್ಮೆ, "ಫೋಟೋ ಮಾತ್ರ ಛಲೋ ಬಂದದ," ಎಂದೂ ಅಂದರು. ಕೊಂಡಿ ಇಳಿಯಿತು, ಭೀಮಬಾಯಿಗೆ ದಂಡ ಬಿತ್ತು, ನನ್ನ ರೂಟು ಚಿಂಚೋಳಿಯಾಚೆ ತೆಲಂಗಾಣ ಗಡಿಯ ಕುಂಚಾವರಂ ಕಡೆಗೆ ಬದಲಾಯಿತು. ಕಾಡು, ಗುಡ್ಡ, ಎರಡು ಭಾಷೆಯ ನಾಯಿಗಳು. ನಸುಕಿನಲ್ಲಿ ಬಸ್ಸು ಹಿಡಿದರೆ ಮಕ್ಕಳು ಮಲಗುವ ಹೊತ್ತಿಗೆ ಮನೆ. ಅಲ್ಲಿ ಬೆಳಕು ಭಾಳ ಚಂದ ಎಂದು ಗುಂಪಿನವರು ಸಮಾಧಾನ ಹೇಳುತ್ತಾರೆ. ಬಸ್ಸಿನಲ್ಲಿ ನನಗೆ ನಿದ್ದೆ ಚಂದ.

ಕಳೆದ ರವಿವಾರ ಸಂಜೆ ತಿರುವಿಗೆ ಹೋಗಿದ್ದೆ. ಭೀಮಬಾಯಿ ತನ್ನ ಕಲ್ಲಿನ ಮೇಲೆಯೇ ಇದ್ದಳು. ಪ್ಲಾಸ್ಟಿಕ್ ಹೊದಿಸಿದ ಕಾರ್ಡು ಕೊರಳಲ್ಲಿ ತೂಗುತ್ತಿತ್ತು. ತಮ್ಮಣ್ಣನ ಗಿರಾಕಿಗಳ ಬೈಕುಗಳು ರಸ್ತೆಯಾಚೆ ಸಾಲಾಗಿ ನಿಂತಿದ್ದವು. ಬಲ್ಬಿನ ಜಾಗದಲ್ಲಿ ಒಂದು ಚಾರ್ಜಿಂಗ್ ಲೈಟು ಮಿಣುಕುತ್ತಿತ್ತು. ಮೀನು ಬೆಂದಿದೆಯೋ ಹೊತ್ತಿದೆಯೋ ಅದರಲ್ಲಿ ಗೊತ್ತಾಗುವಂತಿರಲಿಲ್ಲ.

"ಬಾರೋ ಕುಂಚಾವರಂ ಸಾಹೇಬಾ," ಎಂದು ಎಲೆಯಲ್ಲಿ ಎರಡು ತುಂಡು ಹಾಕಿಕೊಟ್ಟಳು. "ಕಾರ್ಡ್ ಇದ್ದವರಿಗಿ ಮೀಟರ್ ಕೊಡ್ತಾರಂತ, ಖರೇನು?"

"ಖರೆರಿ ಯಕ್ಕಾ. ಅರ್ಜಿ ನಾ ಬರದ ಕೊಡ್ತೀನಿ."

"ಬರಿ. ಮೀಟರ್ ನೋಡಾಕ ನೀನೇ ಬರ್ತಿ ಏನು?"

"ಇಲ್ರಿ. ನನ್ನ ಜಗಾಕ್ಕ ಹೊಸಬ ಬಂದಾನ. ದೇವೀಂದ್ರಪ್ಪ ಅಂತ."

ಭೀಮಬಾಯಿ ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಬಡಿದು ಎಣ್ಣೆ ಇಳಿಸಿದಳು.

"ಅವಂಗೂ ಫೋಟೋ ತಗಿಯಾ ಹುಚ್ಚ ಅದ ಏನು?"

"ಇಲ್ಲರಿ."

"ಹಂಗಾದ್ರ ಜಲ್ದಿ ಬರಿ ಅರ್ಜಿ," ಎಂದಳು.