ಉಜ್ಜಿದ ಬೆಳ್ಳಿ

ಅತ್ತಿಗೆಯ ಎದುರಿಗೇ ಮೈದುನ ಡಬ್ಬಿಯ ಮುಚ್ಚಳ ಕಿತ್ತು ಬೆಳ್ಳಿ ನಾಣ್ಯ, ನೋಟು, ಒಂದು ಬೆಳ್ಳಿಗಟ್ಟಿ ಎಲ್ಲವನ್ನೂ ಚಾಪೆಯ ಮೇಲೆ ಸುರಿದ. ಹಳೇ ನಾಣ್ಯ, ನೋಟುಗಳಿಗೆ ಬೆಲೆ ಕಟ್ಟುತ್ತಲೇ ಬದುಕು ಸವೆಸಿದ ಅಣ್ಣನ ಹೆಣ ಪಕ್ಕದ ಕೋಣೆಯಲ್ಲಿತ್ತು.

"ಮಣ್ಣಾದ ಮೇಲೆ ನೀವೆಲ್ಲ ಒಬ್ಬೊಬ್ಬರು ಒಂದೊಂದು ದಿಕ್ಕು. ಈಗಲೇ ಒಂದು ಬೆಲೆ ಹೇಳಿಬಿಡಿ," ಎಂದ, ಸಾವಿಗೆ ಬಂದಿದ್ದ ವ್ಯಾಪಾರಿಗಳಿಗೆ.

ಅವರಿಗೂ ಬೇಕಿದ್ದುದು ಅದೇ. ಬೋಳುತಲೆಯ ವ್ಯಾಪಾರಿ ಜೇಬಿನಿಂದ ಭೂತಕನ್ನಡಿ ತೆಗೆದ. ಸಾವಿನ ಮನೆಗೂ ಅದನ್ನು ತಂದಿದ್ದ, ಪುಣ್ಯಾತ್ಮ. ಒಂದು ನಾಣ್ಯ ನೋಡಿದ, ಇನ್ನೊಂದು ನೋಡಿದ, ಕನ್ನಡಿ ಮಡಚಿದ.

"ಯಾರಮ್ಮಾ ಇದನ್ನ ಉಜ್ಜಿದ್ದು?"

"ನಾನೇ," ಎಂದಳು ಸತ್ತವನ ಹೆಂಡತಿ. "ಕರ್ರಗಾಗಿದ್ವು. ಹಲ್ಲುಪುಡಿ ಹಾಕಿ ತಿಕ್ಕಿದೆ. ಈಗ ಲಕಲಕ ಅಂತಿದಾವಲ್ಲ?"

"ಅಂತಿದಾವೆ. ಆ ಕಪ್ಪಿಗೇ, ತಾಯಿ, ಬೆಲೆ ಇದ್ದಿದ್ದು. ನೂರು ವರ್ಷ ಕೂತ ಬಣ್ಣ. ಈಗ ಅಚ್ಚೆಲ್ಲ ಗೀರುಗೀರು. ಬರೀ ಬೆಳ್ಳಿ, ತೂಕಕ್ಕೆ ಹಾಕೋದು. ಈ ಬೆಳ್ಳಿಗಟ್ಟಿ ಒಂದು ಬಚಾವು, ಅದಕ್ಕೆ ಯಾವತ್ತೂ ತೂಕದ್ದೇ ಬೆಲೆ."

"ನೋಟು?" ಮೈದುನನ ದನಿ ಸಣ್ಣದಾಯಿತು.

ವ್ಯಾಪಾರಿ ಒಂದನ್ನು ಬೆಳಕಿಗೆ ಹಿಡಿದ. "ಇದಕ್ಕೇನು ಇಸ್ತ್ರಿ ಹಾಕಿದ್ರಾ?"

ಅವಳು ಹೌದೆಂದು ತಲೆಯಾಡಿಸಿದಳು. ಹರಿದಲ್ಲಿ ಅಂಟಿಸಿದ ಟೇಪು ಎಲ್ಲರಿಗೂ ಕಾಣುತ್ತಿತ್ತು.

ಉಳಿದವರು ಲೊಚಗುಟ್ಟಿದರು. "ಅಂಥವರ ಮನೇಲೇ ಹೀಗಾ? ಅಂಗಡಿಗೆ ಯಾರೇ ಬರಲಿ, ಮೊದಲ ಮಾತೇ 'ಉಜ್ಜಬೇಡಿ' ಅಂತ. ನಮಗೆಲ್ಲ ಕಲಿಸಿದ್ದೇ ಅವರು. ಬೇಜಾರಿಲ್ಲದೆ ಗಂಟೆಗಟ್ಟಲೆ ಹೇಳೋರು."

ಅವಳು ಅದನ್ನು ಮೊದಲ ಸಲ ಕೇಳುತ್ತಿದ್ದಳು.

*

ಮದುವೆಯಾದ ಹೊಸದರಲ್ಲಿ ಅವಳು ಒಂದು ನಾಣ್ಯ ಎತ್ತಿ, "ಇದು ಬೆಳ್ಳೀನಾ? ಯಾಕ್ರೀ ಇಷ್ಟು ಕಪ್ಪು?" ಎಂದು ಕೇಳಿದ್ದಳು.

"ಕೆಳಗಿಡು. ನಿನ್ನ ಪಾತ್ರೆ ಪಡಗ ನೀನು ನೋಡ್ಕೋ. ಇದು ನಿನ್ನ ತಲೆಗೆ ಹತ್ತಲ್ಲ."

ದಾರಿಹೋಕನಿಗೂ ಪಾಠ ಹೇಳುವ ಬಾಯಿ ಮನೆಯಲ್ಲಿ ತುತ್ತಿಗೆ ಮಾತ್ರ ತೆರೆಯುತ್ತಿತ್ತು. ಕೊನೆಗೆ ಆಸ್ಪತ್ರೆಯ ಮಂಚದಲ್ಲಿ ಮಲಗಿ ಹೇಳಿದ: "ನನ್ನ ನಂತರ ಆ ಡಬ್ಬೀನೇ ನಿನ್ನ ಸಾಕೋದು." ಅಷ್ಟೇ. ತನ್ನನ್ನು ಸಾಕುವುದನ್ನು ತಾನೂ ಚೆನ್ನಾಗಿ ನೋಡಿಕೊಳ್ಳಬೇಕೆಂದು ಅವಳು ಮನೆಗೆ ಬಂದು ಹಲ್ಲುಪುಡಿ ತೆಗೆದಳು.

*

"ಬುದ್ಧಿ ಬೇಡ್ವಾ ಅತ್ತಿಗೆ?" ಮೈದುನ ಗದರಿದ. "ಅಣ್ಣ ಜೀವಮಾನವಿಡೀ ಕೂಡಿಟ್ಟಿದ್ದನ್ನ ಹಲ್ಲುಜ್ಜಿ ಉಗಿದುಬಿಟ್ರಲ್ಲ."

ಅವಳು ಅವನ ಕಡೆ ನೋಡಲಿಲ್ಲ. "ತೂಕಕ್ಕೆ ಹಾಕಿದ್ರೆ ನನ್ನ ಊಟ ಎಷ್ಟು ಕಾಲ ನಡೆಯುತ್ತಣ್ಣ?" ಎಂದು ವ್ಯಾಪಾರಿಯನ್ನು ಕೇಳಿದಳು.

"ಕೈ ಬಿಗಿ ಹಿಡಿದ್ರೆ ಒಂದು ವರ್ಷ. ಉಜ್ಜದೇ ಇದ್ದಿದ್ರೆ ಸಾಯೋವರೆಗೂ ನಡೀತಿತ್ತು."

ಅವಳು ಎದ್ದು ಪಕ್ಕದ ಕೋಣೆಗೆ ಹೋದಳು. ಮಗಳ ಗಂಡ ಒದ್ದೆ ಟವೆಲು ಹಿಡಿದು ಮಾವನ ಮುಖವನ್ನು ಭಕ್ತಿಯಿಂದ ತಿಕ್ಕುತ್ತಿದ್ದ.

"ಜಾಸ್ತಿ ಉಜ್ಜಬೇಡಪ್ಪ," ಎಂದಳು. "ಇದ್ದ ಬೆಲೇನೂ ಹೋದೀತು."

ಅವನ ಕೈ ಅಲ್ಲೇ ನಿಂತಿತು. ಟವೆಲಿನ ನೀರು ಬಿಗಿದ ತುಟಿಗಳ ಮೇಲೆ ತೊಟ್ಟಿಕ್ಕುತ್ತ, ಒಳಗೆ ದಾರಿ ಸಿಗದೆ ಕೆನ್ನೆಗಿಳಿಯುತ್ತಿತ್ತು.