ಕಾರ್ಡಿನ ಮಾತು, ಕರೆಯುವ ಹೆಸರು

ಕುಕನೂರಿನ ಮೈಮುನಬಿ ಇಪ್ಪತ್ತು ವರ್ಷ ಬಳೆಯ ಬುಟ್ಟಿ ಹೊತ್ತು ಸುತ್ತಲಿನ ಹಳ್ಳಿ ತಿರುಗಿದವಳು. ಸಕ್ಕರೆ ಕಾಯಿಲೆಯಿಂದ ಪಾದದ ಗಾಯ ಮಾಯಲಿಲ್ಲ. ಡಾಕ್ಟರು ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಅಂದಿನಿಂದ ಹೊಸ್ತಿಲೇ ಅವಳ ಊರು. ಯಲಬುರ್ಗಾ ಬಸ್ಸಿನ ಸದ್ದು ಕೇಳಿದರೆ ಸಾಕು, ಇವತ್ತು ಯಾವ ಊರಲ್ಲಿ ಯಾವ ಬಸುರಿಯ ಕುಬುಸವೋ, ಹಸಿರು ಬಳೆ ಯಾರು ಇಡಿಸುತ್ತಿದ್ದಾರೋ ಎಂದು ಮನಸ್ಸು ಹಳ್ಳಿಹಳ್ಳಿ ಸುತ್ತಿ ಬರುತ್ತಿತ್ತು.

ಒಂದು ದಿನ ಓಣಿಯಲ್ಲಿ ಯಾರೋ ಅವಳ ಮನೆ ಕೇಳಿದರು. ಪಕ್ಕದ ಮನೆಯ ಪಾರಮ್ಮ ಕೈ ತೋರಿಸಿದಳು.

"ಕುಂಟಿ ಮೈಮುನಬಿ ಮನಿ ಏನ್ರಿ? ಅಲ್ಲೇ ಬಾಗಲದಾಗ ಕುಂತಾಳ ನೋಡ್ರಿ."

ಕೇಳಿದವಳು ಪಟ್ಟಣ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ ವಾಣಿಶ್ರೀ. ಬಂದವಳೇ ಅರ್ಜಿ ತೆಗೆದಳು. "ಅಕ್ಕಾರ, ವಿಕಲಚೇತನರ ಕಾರ್ಡ್ ಮಾಡಸೋಣ್ರಿ. ಇಲ್ಲೊಂದು ಸಹಿ ಹಾಕ್ರಿ."

ಮೈಮುನಬಿ ಪೆನ್ನು ಮುಟ್ಟಲಿಲ್ಲ. "ಓಣ್ಯಾಗ ಒಂದು ಹೆಸರು ಇಟ್ಟಾರ. ನೀ ಇನ್ನೊಂದು ತಂದಿ ಏನವಾ?"

ಗಂಡ ಹಾಜಿಸಾಬ ಒಳಗಿಂದ ಬಂದ. "ಬಿಡವಾ. ಕಾರ್ಡ್ ಮಾಡಿಸಿದ್ರ ಹೋದ ಕಾಲು ಬರ್ತೈತೇನು?"

"ಹೋದ ಕಾಲು ಬರೂದಿಲ್ರಿ ಕಾಕಾ. ಕೃತಕ ಕಾಲು ಹಾಕ್ಕೊಂಡು ನಡೀಬಹುದು. ವಿಕಲಚೇತನ ಅಂದ್ರ ದೇಹದಾಗ ಒಂದು ಕೊರತಿ ಇದ್ದೋರು ಅಂತ ಕಚೇರಿ ಮಾತು, ಬೈಗಳ ಅಲ್ರಿ. ಆ ಕಾರ್ಡ್ ಇದ್ರ ಕೃತಕ ಕಾಲಿಗೆ, ಪಿಂಚಣಿಗೆ, ಬಸ್ ಪಾಸಿಗೆ ಅರ್ಜಿ ಹಾಕಾಕ ಬರತೈತಿ. ಹಂಗಂತ ಓಣ್ಯಾಗ ಹಂಗ ಕರೀಬೇಕಂತಿಲ್ಲ. ಕರಿಯಾಕ ಮೈಮುನಬಿ ಅನ್ನೂ ಹೆಸರು ಐತಲ್ರಿ."

ಪಾರಮ್ಮ ಹತ್ತಿರ ಬಂದಳು. "ನಾ ಕೆಟ್ಟದ್ದಕ್ಕ ಅನ್ಲಿಲ್ಲವಾ. ಗುರ್ತು ಸಿಗ್ಲಿ ಅಂತ ಅಂದೆ."

"ನಿನ್ನ ಮೂರೂ ಹೆಣ್ಣುಮಕ್ಕಳ ಮದುವಿಗೆ ಬಳಿ ಇಡಿಸಿದಾಕಿ ನಾನು ಪಾರಮ್ಮ," ಎಂದಳು ಮೈಮುನಬಿ. "ಆ ಗುರ್ತು ಸಾಲದೇನ?"

"ಸಾಲ್ತೈತವಾ, ತಪ್ಪಾತು," ಎಂದಳು ಪಾರಮ್ಮ.

"ಕಾಲಿನ ಮಾತು ಬಂದ್ರ 'ಕಾಲು ಕಳಕೊಂಡಾರ' ಅನ್ರಿ," ಎಂದಳು ವಾಣಿಶ್ರೀ. "ಅದು ಆಗಿದ್ದು. ಕುಂಟಿ ಅಂದ್ರ ಇಡೀ ಮನುಷ್ಯಾರನ್ನ ಮರ್ತು ಹೋದ ಕಾಲಷ್ಟ ನೋಡಿದಂಗ."

ಹಾಜಿಸಾಬ ತಾನೇ ಪೆನ್ನೆತ್ತಿ ಹೆಂಡತಿಯ ಕೈಗಿಟ್ಟ. "ಹಾಕು. ಡಾಕ್ಟರಿಗೆ ತೋರ್ಸಾಕ ಕೊಪ್ಪಳದ ದೊಡ್ಡಾಸ್ಪತ್ರಿಗೆ ನಾ ಕರಕೊಂಡು ಹೋಗ್ತೀನಿ."

ಕೊಪ್ಪಳದಲ್ಲಿ ಡಾಕ್ಟರು ಪರೀಕ್ಷೆ ಮಾಡಿದರು, ಕಾರ್ಡ್ ಬಂತು. ಕೆಲವು ತಿಂಗಳ ಮೇಲೆ ಕಾಲೂ ಬಂತು. ಮೊದಮೊದಲು ಒತ್ತಿ ನೋಯುತ್ತಿತ್ತು. ಹಾಜಿಸಾಬ ತೋಳು ಹಿಡಿದು ನಡೆಸಿದ. ಬುಟ್ಟಿ ಹೊರಲು ಇನ್ನೂ ಆಗದು. ಆದರೆ ಬಸ್ ನಿಲ್ದಾಣದವರೆಗೆ ಹೋಗಿ, ಹಳ್ಳಿಯಿಂದ ಬಂದ ಹೆಣ್ಣುಮಕ್ಕಳ ಮುಂಗೈಯ ಬಳೆ ನೋಡುತ್ತ ಕೂರುತ್ತಾಳೆ. ಮೊನ್ನೆ ಗಂಡನಿಗೆ ಹೇಳಿದಳು: "ಮಸಬಹಂಚಿನಾಳ ಊರಿಗೆ ಒಂದ್ಸಲ ಹೋಗಿ ಬರಬೇಕ್ರಿ. ನಾ ಬಳಿ ಇಟ್ಟ ಹುಡುಗ್ಯಾರು ಎಷ್ಟು ದೊಡ್ಡೋರಾಗ್ಯಾರೋ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಓಣಿಯಲ್ಲೂ ಕೈಯೋ ಕಾಲೋ ಕಳೆದುಕೊಂಡವರು ಇರಬಹುದು. ಕಾರ್ಡ್ ಮಾಡಿಸಲು ಅವರ ಜೊತೆ ಪಂಚಾಯಿತಿಗೆ ಹೋಗಿ. ಅವರನ್ನು ಏನೆಂದು ಕರೆಯಬೇಕೋ ತಿಳಿಯದಿದ್ದರೆ ಅವರನ್ನೇ ಕೇಳಿ. ಅವರು ತಮ್ಮ ಹೆಸರು ಹೇಳುತ್ತಾರೆ.