ಎದೆ ಮುಟ್ಟಿದ ಬೆರಳು

ತಂಗಿ ಮೈಕಿನ ಮುಂದೆ ‘ನಾನು’ ಎಂದಳು. ಅಕ್ಕನ ಬೆರಳು ತಂಗಿಯತ್ತ ಚಾಚಿ ‘ಅವಳು’ ಎಂದುಬಿಟ್ಟಿತು.

ಇಪ್ಪತ್ತು ವರ್ಷಗಳಲ್ಲಿ ಇಂಥ ತಪ್ಪು ಆಗಿರಲಿಲ್ಲ. ಚರ್ಚಿನಲ್ಲಿ ಯಾರು ಮಾತಾಡಿದರೂ ಅದನ್ನು ಕಿವಿ ಕೇಳದವರಿಗೆ ಕೈಸನ್ನೆಯಲ್ಲಿ ದಾಟಿಸುವುದು ಅಕ್ಕನ ಕೆಲಸ. ಮಾತಾಡುವವರು ನಾನು ಎಂದರೆ ತನ್ನ ಎದೆಯನ್ನೇ ಮುಟ್ಟಿಕೊಳ್ಳಬೇಕು. ತಾನು ಕೈಸನ್ನೆ ಕಲಿಸುವ ಶಾಲೆಯ ಮಕ್ಕಳಿಗೆ ಅವಳು ಮೊದಲು ಕಲಿಸುತ್ತಿದ್ದುದೂ ಇದನ್ನೇ. ಕುಡುಕನೊಬ್ಬ ಸಭೆಯ ಮುಂದೆ ತಪ್ಪೊಪ್ಪಿಕೊಂಡು ಸಾಕ್ಷಿ ಹೇಳಿದ ಭಾನುವಾರ ಎದೆ ಮುಟ್ಟಿಕೊಂಡು ಅವಳೇ ಕುಡುಕಿಯಾಗಿದ್ದಳು. ಏನೂ ಕಷ್ಟವಾಗಿರಲಿಲ್ಲ.

ಮುಂದಿನ ಬೆಂಚಿನ, ಕಿವಿ ಕೇಳದ ಆರು ಜನ ಹುಬ್ಬೇರಿಸಿದರು. ತುದಿಯಲ್ಲಿದ್ದ ಮುದಿ ದರ್ಜಿ ಕೆಮ್ಮು ಬಂದವನಂತೆ ನಟಿಸಿ ತನ್ನ ಎದೆ ಮುಟ್ಟಿಕೊಂಡ. ತಿದ್ದಿದ್ದು ಬೇರೆಯವರಿಗೆ ಗೊತ್ತಾಗಬಾರದೆಂಬ ಅವನ ನಾಜೂಕಿಗೆ ಅಕ್ಕನ ಮುಖ ಬಿಸಿಯಾಯಿತು. ಎದೆ ಮುಟ್ಟಿಕೊಂಡಳು.

ಬೆಳಿಗ್ಗೆ ಚರ್ಚಿನ ಬಾಗಿಲಲ್ಲಿ ಅಕ್ಕ ಕೇಳಿದ್ದಳು: “ಏನೇ ಹೇಳ್ತೀಯ ಇವತ್ತು?”

“ಅಲ್ಲೇ ಕೇಳಿಸ್ಕೊಳ್ತೀಯಲ್ಲ ಅಕ್ಕ.”

ಸ್ವಂತ ತಂಗಿ, ನಿಮಗೆ ಸಲೀಸು ಎಂದು ಪಾಸ್ಟರ್ ನಕ್ಕಿದ್ದರು.

“ಅಮ್ಮ ಕೊನೇ ಮೂರು ದಿನ ಅಕ್ಕನ್ನ ಕೇಳ್ತಾನೇ ಇದ್ರು,” ಎಂದಳು ತಂಗಿ ಈಗ ಮೈಕಿನಲ್ಲಿ. “ನಾನು ಫೋನ್ ಮಾಡ್ಲಿಲ್ಲ. ಅವಳಿಗೆ ಪುರುಸೊತ್ತಿಲ್ವಂತೆ ಅಂತ ಸುಳ್ಳು ಹೇಳ್ದೆ.”

‘ಅಕ್ಕ’ ಎಂಬುದಕ್ಕೆ ಎತ್ತ ತೋರಿಸುವುದು? ಎದೆ ಆಗಲೇ ತಂಗಿಯ ಪಾಲಾಗಿತ್ತು. ಪಕ್ಕದ ಬಾಗಿಲ ಬಳಿ ಯಾರೂ ಇಲ್ಲದ ಜಾಗಕ್ಕೆ ತೋರಿಸಿದಳು. ಆರು ತಲೆಗಳು ಅತ್ತ ತಿರುಗಿ ನೋಡಿದವು.

ವಿಷಯ ಅವಳಿಗೆ ಹೊಸದಲ್ಲ. ಅಮ್ಮನನ್ನು ಮಣ್ಣು ಮಾಡಿದ ದಿನವೇ ಆಸ್ಪತ್ರೆಯ ನರ್ಸ್ ಬಾಯಿತಪ್ಪಿ ಆಡಿದ್ದಳು. ಅಂದಿನಿಂದ ಅಕ್ಕ ನಾಲ್ಕು ವರ್ಷ ಕಾದಿದ್ದಳು. ತಂಗಿ ಒಂದು ದಿನ ಬಂದೇ ಬರುತ್ತಾಳೆ, ಹೊಸ್ತಿಲಲ್ಲಿ ತಲೆ ತಗ್ಗಿಸಿ ನಿಲ್ಲುತ್ತಾಳೆ. ಕೊಂಚ ಹೊತ್ತು ನಿಲ್ಲಿಸಿ, ಆಮೇಲೆ ‘ಹೋಗ್ಲಿ ಬಿಡೆ’ ಅನ್ನುವುದು. ಆ ಎರಡು ಮಾತನ್ನು ಒಳ್ಳೆಯ ಬಟ್ಟೆಯ ಹಾಗೆ ಮಡಿಕೆ ಕೆಡದಂತೆ ಎತ್ತಿಟ್ಟಿದ್ದಳು.

“ದೇವರು ನನ್ನ ಕ್ಷಮಿಸಿದಾನೆ,” ಎಂದಳು ತಂಗಿ. “ಈಗ ರಾತ್ರಿ ನಿದ್ದೆ ಬರತ್ತೆ.”

ಸಭೆಯೆಲ್ಲ ಹಿತವಾಗಿ ನಿಟ್ಟುಸಿರು ಬಿಟ್ಟಿತು. ಯಾರೋ ನೀರಿನ ಲೋಟ ತಂದುಕೊಟ್ಟರು.

ಹಾಗಾದರೆ ಮುಗಿಯಿತು. ತನ್ನನ್ನು ಒಂದು ಮಾತು ಕೇಳದೆ ಮೇಲಿನಿಂದಲೇ ಇತ್ಯರ್ಥವಾಗಿದೆ. ಅಮ್ಮನ ಕೊನೆಯ ಮೂರು ದಿನಗಳನ್ನು ಒಬ್ಬಳೇ ನುಂಗಿದವಳು ಈಗ ದೇವರ ಮಗ್ಗುಲಲ್ಲೂ ಜಾಗ ಹಿಡಿದಿದ್ದಾಳೆ. ಚಿಕ್ಕವಳಿದ್ದಾಗಲೂ ಹೀಗೇ, ಮೊದಲು ಅತ್ತವಳಿಗೆ ಅಮ್ಮನ ಪಕ್ಕ. ಅಕ್ಕ ಒಂದು ಭಾನುವಾರವೂ ತಪ್ಪಿಸಿದವಳಲ್ಲ. ಹೀಗೆ ಸಭೆ ನಿಟ್ಟುಸಿರು ಬಿಡುವಂಥ ಪಾಪ ಅವಳ ಹತ್ತಿರ ಒಂದೂ ಇರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಆದರೂ ತಂಗಿಯ ಮಾತನ್ನು ಅವಳ ಕೈ ಚೆನ್ನಾಗಿಯೇ ಹೇಳಿತು: ದೇವರು ನನ್ನನ್ನು ಕ್ಷಮಿಸಿದ್ದಾನೆ. ದರ್ಜಿ ಮೆಚ್ಚಿ ತಲೆಯಾಡಿಸಿದ. ತಂಗಿ ಕೆಳಗಿಳಿದು ಬಂದಾಗ ಸರಿದು ಜಾಗ ಕೊಟ್ಟ.

ಪಾಸ್ಟರ್ ‘ದೇವರೇ, ನಮ್ಮನ್ನು ಕ್ಷಮಿಸು, ನಾವೂ ಇನ್ನೊಬ್ಬರನ್ನು ಕ್ಷಮಿಸುತ್ತೇವೆ’ ಎಂದು ಎಲ್ಲರೂ ಪ್ರಾರ್ಥಿಸೋಣ ಎಂದರು. ಕ್ಷಮೆಗೆ ಸನ್ನೆ ಸುಲಭ. ಎಡ ಅಂಗೈ ತೆರೆದು ಬಲಗೈಯಿಂದ ಒರೆಸಬೇಕು. ದೇವರು ನಮ್ಮನ್ನು ಕ್ಷಮಿಸುವುದಕ್ಕೆ ಒರೆಸುವುದು ಮಣಿಕಟ್ಟಿನ ಕಡೆಗೆ, ತಮ್ಮತ್ತ. ನಾವು ಇನ್ನೊಬ್ಬರನ್ನು ಕ್ಷಮಿಸುವುದಕ್ಕೆ ಬೆರಳ ತುದಿಗೆ, ಎದುರಿನವರತ್ತ. ಬೆಂಚಿನವರು ಅವಳ ಕೈ ನೋಡಿಕೊಂಡೇ ತಮ್ಮ ಕೈ ಆಡಿಸುವರು.

ಮೊದಲ ಅರ್ಧ ಆಯಿತು. ಬಲಗೈ ಮಣಿಕಟ್ಟಿನವರೆಗೆ ಬಂದು ಅಲ್ಲೇ ನಿಂತಿತು.

ಹಿಂದಿನ ಬೆಂಚುಗಳಲ್ಲಿ ‘ಆಮೆನ್’ ಆಗಿಹೋಯಿತು. ಜನ ಎದ್ದು ಚಪ್ಪಲಿ ಹುಡುಕತೊಡಗಿದರು. ಮುಂದಿನ ಬೆಂಚಿನ ಆರು ಜನಕ್ಕೆ ಅದೊಂದೂ ಕೇಳಿಸಿರಲಿಲ್ಲ. ಅಲ್ಲಿ ಆರು ಅಂಗೈಗಳು ತೆರೆದೇ ಇದ್ದವು. ಕೈಸನ್ನೆಯ ಗಂಧ ಇಲ್ಲದ ತಂಗಿ ‘ಆಮೆನ್’ ಕೇಳಿಸಿದರೂ ಪಕ್ಕದವರನ್ನು ನೋಡಿ, ಇವರ ಪ್ರಾರ್ಥನೆ ಎಂದರೆ ಇಷ್ಟೇ ಇರಬೇಕೆಂದು ತನ್ನ ಕೈಯನ್ನೂ ಚಾಚಿ ಕೂತಿದ್ದಳು. ಏಳೂ ಜನ ಅಕ್ಕನ ಬೆರಳುಗಳನ್ನೇ ನೋಡುತ್ತಿದ್ದರು.